ಹೆಲ್ಮೆಟ್ಟಿಗೆ ಕೊಟ್ಟ ಮುಡಿ

ಬೆಳ್ತಂಗಡಿಗೆ ಹೊರಟವಳು ಅಳದಂಗಡಿ ಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಶರಬತ್ತಿನ ಅಂಗಡಿಯ ಬ್ಯಾರಿ ಮುಸ್ಲಿಂ ಹೆಂಗಸು ನನ್ನ ಗಿಡ್ಡ ಕೂದಲು ನೋಡಿ, “ಹರಕೆಗೆ ಮುಡಿ ಕೊಟ್ಟದ್ದಾ?” ಎಂದು ಕೇಳಿದರು.

“ಅಲ್ಲ, ಹೆಲ್ಮೆಟ್ ಕಡ್ಡಾಯ ಆಯ್ತಲ್ಲ? ಬೆವರಿ ನಾರುತ್ತಿತ್ತು. ಸೊಂಟದವರೆಗಿದ್ದದ್ದನ್ನು ಮೊನ್ನೆ ಕತ್ತರಿಸಿದೆ.”

“ಅಷ್ಟಕ್ಕೆ ಯಾರಾದರೂ ಕತ್ತರಿಸುವುದುಂಟಾ! ನನ್ನ ಮಗಳೂ ದಿನಾ ಸ್ಕೂಟರಲ್ಲೇ ಹೋಗ್ತಾಳೆ. ಜಡೆಯನ್ನು ಕುತ್ತಿಗೆಯ ಹತ್ತಿರ ಸಡಿಲವಾಗಿ ಹೆಣೆದು ಅಂಗಿಯೊಳಗೆ ಬಿಡ್ತಾಳೆ, ತಲೆಗೆ ತೆಳು ಹತ್ತಿಬಟ್ಟೆ ಕಟ್ತಾಳೆ. ಬೆವರನ್ನೆಲ್ಲ ಬಟ್ಟೆ ಕುಡೀತದೆ.”

ಇಷ್ಟೇ! ದೇವರಿಗೂ ಕೊಡದೆ ಸಾಕಿದ್ದ ಕೂದಲು. ಯಾರನ್ನಾದರೂ ಒಂದು ಮಾತು ಕೇಳಲು ನನಗೇನಾಗಿತ್ತು?

ಹೊರಡುವಾಗ ಆಕೆ ಒಳಗಿಂದ ಒಗೆದ ಬಟ್ಟೆಯೊಂದನ್ನು ತಂದು ಕೈಗಿಟ್ಟರು. “ಇಟ್ಟುಕೊಳ್ಳಿ, ಮತ್ತೆ ಉದ್ದ ಆದಾಗ ಬೇಕಾಗ್ತದೆ.”

ನನಗೆ ಐವತ್ತೆಂಟು ದಾಟಿತು, ಇನ್ನು ಸೊಂಟದವರೆಗೆ ಬೆಳೆಯುವುದುಂಟಾ ಎಂದು ಕೇಳಲಿಲ್ಲ. ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.