ತೂತು ಬಿದ್ದ ಕರಿಬೇವು

ಸಾರಿನಲ್ಲಿ ತೇಲುತ್ತಿದ್ದ ಕರಿಬೇವಿನ ಎಲೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅದರ ನಡುವಿನ ತೂತಿನಿಂದ ನನ್ನನ್ನು ನೋಡುತ್ತ, "ಇದನ್ನ ನನಗಿಂತ ಮೊದಲೇ ಯಾರೋ ಉಂಡು ಹೋಗಿದ್ದಾರಲ್ಲೇ ಮಾರಾಯ್ತಿ!" ಎಂದು ನಮ್ಮವರು ಕೇಳಿದಲ್ಲಿಂದಲೇ ಈ ಕಥೆ ಶುರು. ಕರಿಬೇವಿನ ಪಾಡು ನಿಮಗೂ ಗೊತ್ತಿದ್ದದ್ದೇ. ಒಗ್ಗರಣೆಗೆ ಅದು ಬೇಕೇ ಬೇಕು, ಊಟಕ್ಕೆ ಕುಳಿತ ಮೇಲೆ ಮಾತ್ರ ಯಾರಿಗೂ ಬೇಡ. ತಟ್ಟೆಯ ಅಂಚಿಗೆ ತಳ್ಳಿಸಿಕೊಳ್ಳುವುದಕ್ಕೆಂದೇ ಜನ್ಮವೆತ್ತಿದ ಈ ಪರೋಪಕಾರಿಯ ಮೈಯಲ್ಲಿ ತೂತಿದ್ದರೇನು, ಇಲ್ಲದಿದ್ದರೇನು? ತಾನಂತೂ ತಿನ್ನದ ಎಲೆಯನ್ನು ಇನ್ನೊಬ್ಬರು ತಿಂದರೆಂದು ಮುನಿಸಿಕೊಳ್ಳುವ ಗಂಡಸಿಗೆ ಏನು ಹೇಳೋಣ ಹೇಳಿ!

ನಮ್ಮವರು ಮಾದಾಪುರದ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ರೈಟರು. ಹಾಗೆಂದ ಕೂಡಲೇ ಬಯಲುಸೀಮೆಯ ನಮ್ಮ ನೆಂಟರು ಅವರನ್ನು ಕಾದಂಬರಿಕಾರರೆಂದು ಭಾವಿಸಿ ಗೌರವಿಸುವುದುಂಟು. ಅವರು ಬರೆಯುವುದು ಆಳುಗಳ ಹಾಜರಿ ಮತ್ತು ಪಿಕಿಂಗ್ ಕಾಲದಲ್ಲಿ ಕೊಯ್ದ ಕಾಫಿ ಹಣ್ಣಿನ ತೂಕ. ಸಾಹಿತ್ಯದ ಹುಚ್ಚು ಹತ್ತಿದ್ದು ನನಗೆ, ರೈಟರೆಂಬ ಬಿರುದು ಸಂದದ್ದು ಅವರಿಗೆ. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನ ಹಿತ್ತಿಲಲ್ಲಿ, ನನ್ನ ತವರಾದ ಕೊಡ್ಲಿಪೇಟೆಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟ ಕರಿಬೇವಿನ ಗಿಡ ಈಗ ಮನೆಯ ಮಾಡು ಮುಟ್ಟುವಷ್ಟು ಬೆಳೆದಿದೆ. ತವರಿನಿಂದ ಬಂದ ಬಂಗಾರ ಅಷ್ಟಕ್ಕಷ್ಟೇ ಆದ್ದರಿಂದ, ಈ ಮರದ ಮೇಲೆ ನನಗೆ ಅಭಿಮಾನ ಸ್ವಲ್ಪ ಹೆಚ್ಚು.

ಎಲೆಗೆ ತೂತು ಕೊರೆಯುವವರು ಯಾರೆಂದು ಕೇಳುತ್ತೀರಾ? ಮೊದಲು ನೋಡಿದಾಗ ಹಕ್ಕಿಯ ಹಿಕ್ಕೆಯೆಂದೇ ತಿಳಿದಿದ್ದೆ. ಹಿಕ್ಕೆ ನಡೆಯತೊಡಗಿದಾಗ ಹೌಹಾರಿದೆ. ನಾಲ್ಕು ದಿನ ಕಳೆಯುವುದರೊಳಗೆ ಅದೇ ಹುಳು ಹಸಿರು ರೇಷ್ಮೆಯುಟ್ಟು ದುಂಡಗಾಗಿ, ಕಡ್ಡಿಯಿಂದ ಮುಟ್ಟಿದರೆ ತಲೆಯಿಂದ ಕವಲೊಡೆದ ಕೆಂಪು ಕೊಂಬನ್ನು ಚಾಚಿ, ಗಬ್ಬು ನಾತ ಬಿಟ್ಟು, ನನ್ನಂಥ ದೊಡ್ಡ ಪ್ರಾಣಿಯನ್ನೇ ಹೆದರಿಸಲು ಹೊರಟಿತು. ಏನು ಧೈರ್ಯ ಅಂತೀರಿ! ಹೆದರಿದ್ದು ನಿಜವೆಂದು ಇಲ್ಲಿ ಒಪ್ಪಿಕೊಂಡರೆ ಮಾನವೇನೂ ಹೋಗದು. ಆಮೇಲೊಂದು ಬೆಳಿಗ್ಗೆ, ಒಣಗಿದ ಎಲೆಯಂತೆ ಕಡ್ಡಿಗೆ ತೂಗಿಕೊಂಡಿದ್ದ ಗೂಡು ಒಡೆದು, ಕಪ್ಪು ಸೆರಗಿನ ಮೇಲೆ ಬಿಳಿ ಬೊಟ್ಟುಗಳ ಸಾಲಿಟ್ಟ ಚಿಟ್ಟೆಯೊಂದು ಹೊರಬಂದು, ರೆಕ್ಕೆ ಒಣಗುವ ತನಕ ನನ್ನ ತೋಳಿನ ಮೇಲೆಯೇ ಕುಳಿತಿತ್ತು. ಅಂದಿನಿಂದ ನನ್ನ ಕರಿಬೇವಿನಲ್ಲಿ ಅದಕ್ಕೂ ಪಾಲು ಬರೆದುಬಿಟ್ಟೆ.

ಆ ಕಾಲದಲ್ಲಿ ಅವಕ್ಕೇನು ಬರಗಾಲವೇ! ಮಳೆಗಾಲ ಹಿಂದೆಗೆದು ಬಿಸಿಲು ಬಿದ್ದೊಡನೆ ಚಿಟ್ಟೆಗಳು ಹಿಂಡುಹಿಂಡಾಗಿ ರಸ್ತೆ ದಾಟುವಾಗ ಮಡಿಕೇರಿಯ ಬಸ್ಸು ವೇಗ ತಗ್ಗಿಸುತ್ತಿತ್ತು. ಡ್ರೈವರನಿಗೆ ದಯೆಯಿತ್ತೋ, ಗಾಜು ಒರೆಸುವ ಸೋಮಾರಿತನವಿತ್ತೋ, ಅದು ಬೇರೆ ಮಾತು. ಮುಂಗಾರಿನ ಮೊದಲ ಸಂಜೆಗಳಲ್ಲಿ ದೀಪಕ್ಕೆ ಮುತ್ತುತ್ತಿದ್ದ ರೆಕ್ಕೆಹುಳುಗಳ ಕಾಟಕ್ಕೆ, ದೀಪವನ್ನು ಆಚೆ ಇಟ್ಟು, ಅನ್ನ ಯಾವುದು ಹುಳಿ ಯಾವುದೆಂದು ಬೆರಳಲ್ಲೇ ಊಹಿಸಿ ಉಣ್ಣಬೇಕಾಗಿತ್ತು. ಈ ಮುಂಗಾರಿಗೆ ದೀಪ ನಟ್ಟನಡುವೆ ಉರಿಯಿತು, ಒಂದು ಹುಳುವೂ ಬರಲಿಲ್ಲ. ನಮ್ಮವರು, "ಅಬ್ಬಾ, ಈಗ ನೆಮ್ಮದಿಯಾಗಿ ಉಣ್ಣಬಹುದು ನೋಡು," ಎಂದರು. ನನಗೆ ಮಾತ್ರ, ವರ್ಷವೂ ಬರುತ್ತಿದ್ದ ನೆಂಟರು ಬಾರದ ಹಬ್ಬದ ಮನೆಯಲ್ಲಿ ಕುಳಿತಂತಾಯಿತು.

ಕೊಡಗಿನ ನಾವೆಲ್ಲ ಪುಟ್ಟದೊಂದು ರಾಜ್ಯದ ಪ್ರಜೆಗಳಾಗಿ ಮಲಗಿ, ದೊಡ್ಡ ಮೈಸೂರು ರಾಜ್ಯದವರಾಗಿ ಎದ್ದ ಆಸುಪಾಸಿನಲ್ಲೇ ನಮ್ಮ ಎಸ್ಟೇಟಿಗೆ ಹುಳು ಕೊಲ್ಲುವ ಪೌಡರೂ ಮೂಟೆಗಟ್ಟಲೆ ಬಂತು. ಅನ್ಯಾಯವಾಗಿ ಹಳಿಯಬಾರದು. ಆಸ್ಪತ್ರೆಯ ಕಡೆಯವರು ಬಂದು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದ ಮೇಲೆ ಆಳುಗಳು ವಾಸಿಸುವ ಲೈನುಗಳಲ್ಲಿ ಚಳಿಜ್ವರದ ನರಳಾಟ ಕಡಿಮೆಯಾದದ್ದನ್ನು ಕಣ್ಣಾರೆ ಕಂಡವಳು ನಾನು. ನನ್ನ ತಮ್ಮನೊಬ್ಬನನ್ನು ಚಿಕ್ಕಂದಿನಲ್ಲೇ ಆ ಜ್ವರ ಕೊಂಡೊಯ್ದಿತ್ತು. ಔಷಧ ಆಗಲೇ ಬಂದಿದ್ದರೆ ಅವನು ಇರುತ್ತಿದ್ದನೆಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಗೋಡೆಗೆ ಹೊಡೆಯಲು ಬಂದವರಿಗೆ ನಾನೇ ಮಂಚ ಸರಿಸಿಕೊಟ್ಟು ಕಾಫಿ ಕೊಟ್ಟೆ. ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳುವಿಗೆ ಪೌಡರು ಹಾಕಿದಾಗಲೂ ಅದು ಎಸ್ಟೇಟಿನ ವ್ಯವಹಾರವೆಂದು ಸುಮ್ಮನಿದ್ದೆ. ಆದರೆ ಮಿಕ್ಕ ಪೌಡರನ್ನು ಕ್ವಾರ್ಟರ್ಸುಗಳ ಹೂದೋಟಕ್ಕೂ ತರಕಾರಿಗೂ ವಾರಕ್ಕೊಮ್ಮೆ ಎರಚತಕ್ಕದ್ದು, ತೂತು ಬಿದ್ದ ಒಂದೆಲೆಯೂ ಕಣ್ಣಿಗೆ ಬೀಳಕೂಡದು ಎಂದು ದೊರೆಸಾನಿಯವರಿಂದ ಅಪ್ಪಣೆಯಾದಾಗ ನನಗೆ ರೇಗಿಹೋಯಿತು.

ದೊರೆಸಾನಿ ಎಂದರೆ ಬಿಳಿಯರ ಹೆಂಗಸಲ್ಲ, ನಮ್ಮ ಮ್ಯಾನೇಜರರ ಪತ್ನಿ, ಬೆಂಗಳೂರಿನವರು. ಇಂಗ್ಲಿಷರು ಹೊರಟುಹೋದರೂ ಎಸ್ಟೇಟಿನಲ್ಲಿ ಆ ಪದವಿ ಖಾಲಿ ಬಿದ್ದಿರಲಿಲ್ಲ. ಕೆಟ್ಟವರಲ್ಲ. ಅಚ್ಚುಕಟ್ಟೆಂದರೆ ಪ್ರಾಣ, ಅಷ್ಟೇ. ಕ್ವಾರ್ಟರ್ಸಿನ ತೋಟಗಳನ್ನು ಸುತ್ತಿ ನೋಡಿ, ವರ್ಷಕ್ಕೊಮ್ಮೆ ಒಳ್ಳೆಯ ತರಕಾರಿಗೆ ಬಹುಮಾನ ಕೊಡುವ ಪದ್ಧತಿ ಅವರದು.

ಪೌಡರಿನ ಪಂಪು ಹೊತ್ತು ಮೇಸ್ತ್ರಿ ರಾಜು ಬಂದಾಗ ನಾನು ಗೇಟಿಗೆ ಅಗುಳಿ ಹಾಕಿ ಅಡ್ಡ ನಿಂತೆ. ಅವನು ತಲೆ ಕೆರೆದುಕೊಂಡ. "ಅಮ್ಮಾ, ನೀವು ಬೇಡ ಅಂದ್ರೆ ನಂಗೆ ಕೆಲಸ ಕಮ್ಮಿ. ಆದ್ರೆ ದೊರೆಸಾನಿ ಬಂದಾಗ ಎಲೆ ಬೆಳ್ಳಗೆ ಕಾಣ್ಬೇಕು. ಕಾಣ್ಲಿಲ್ಲಾಂದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ." ಅವನ ಮಾತೂ ಸರಿಯೇ. ನನ್ನ ಹುಳುವಿನ ಹೊಟ್ಟೆಗಾಗಿ ಅವನ ಹೊಟ್ಟೆಯ ಮೇಲೆ ಹೊಡೆಸುವುದು ಯಾವ ನ್ಯಾಯ? ಒಳಗೆ ಹೋದೆ, ಒಲೆಯಿಂದ ತಣ್ಣಗಿನ ಬೂದಿ ಗೋರಿ ತಂದೆ, ರಾಗಿ ಜರಡಿಯಲ್ಲಿ ಹಿಡಿದು, ರಸ್ತೆಗೆ ಕಾಣುವ ಎಲೆಗಳ ಮೇಲೆಲ್ಲ ತೆಳ್ಳಗೆ ಉದುರಿಸಿದೆ. ಹೂವಿಗೆ ಬೀಳದಂತೆ ಕೈ ಅಡ್ಡ ಹಿಡಿದೆ. ನಮ್ಮ ಕಡೆ ತರಕಾರಿಗೆ ಬೂದಿ ಚೆಲ್ಲುವುದೇನು ಹೊಸದೇ? ನನ್ನ ಅಜ್ಜಿ ಮಾಡುತ್ತಿದ್ದದ್ದನ್ನೇ ನಾನು ಮಾಡಿದ್ದು. ಅಜ್ಜಿ ಹುಳುವನ್ನು ಓಡಿಸಲು ಮಾಡುತ್ತಿದ್ದಳು, ನಾನು ಉಳಿಸಲು ಮಾಡಿದೆ ಎಂಬುದಷ್ಟೇ ವ್ಯತ್ಯಾಸ.

ಬೂದಿಗೂ ಪೌಡರಿಗೂ ಇರುವ ವ್ಯತ್ಯಾಸ ವಾಸನೆಯಲ್ಲಿ ಗೊತ್ತಾಗದೆ ಎಂದು ನೀವು ಕೇಳಬಹುದು. ಗೊತ್ತಾಗಬೇಕಾದ್ದೇ. ಆದರೆ ಪೌಡರಿನ ನಾತ ತಡೆಯಲಾರದೆ ದೊರೆಸಾನಿಯವರು ಅತ್ತರು ಹಾಕಿದ ಕರ್ಚೀಫನ್ನು ಮೂಗಿಗೊತ್ತಿಕೊಂಡೇ ತೋಟ ನೋಡಲು ಬರುತ್ತಿದ್ದರು. ತಾವೇ ಎರಚಿಸಿದ ವಸ್ತುವನ್ನು ತಾವೇ ಮೂಸಲಾರದವರಿಗೆ ನನ್ನ ಒಲೆಯ ಬೂದಿ ತಿಳಿಯುವುದು ಹೇಗೆ? ಬೆಳ್ಳಗಿನ ಎಲೆ ಕಂಡು, ಕರ್ಚೀಫಿನೊಳಗಿಂದಲೇ "ಗುಡ್, ಗುಡ್," ಎಂದು ಮುಂದೆ ಹೋಗುತ್ತಿದ್ದರು.

ಮಳೆಗಾಲವಿಡೀ ಹೀಗೆಯೇ ನಡೆಯಿತು. ಮಳೆ ಬೂದಿಯನ್ನು ತೊಳೆಯುವುದು, ನಾನು ಮತ್ತೆ ಉದುರಿಸುವುದು. ಪಕ್ಕದ ಮನೆಯ ಸೀತಕ್ಕ, ಕಾಂಪೌಂಡರರ ಹೆಂಡತಿ, ಗಾಳಿಬೀಡಿನ ಕಡೆಯವಳು, 'ಇದೆ' ಎನ್ನಲು 'ಉಟ್ಟು' ಎನ್ನುವವಳು, ಒಂದು ದಿನ ಬೇಲಿಗೆ ಬಂದು ನಿಂತು ಗೋಳು ತೋಡಿಕೊಂಡಳು. "ಅಕ್ಕ, ನಂಗೆ ಕುಂಬಳ ಒಂದೂ ಕಚ್ಚುದೇ ಇಲ್ಲೆ. ಹೂ ಬೇಕಾದಷ್ಟು ಉಟ್ಟು, ಎಲ್ಲ ಉದುರಿ ಹೋದೆ. ಎಂತ ಮಾಡ್ದು?" ಅವಳ ಹೂಗಳೊಳಗೆ ಬಗ್ಗಿ ನೋಡಿದೆ. ಬಿಳಿ ಪೌಡರು, ಅದರ ಮೇಲೆ ಅಂಗಾತ ಬಿದ್ದ ಒಂದು ದುಂಬಿ. ನನ್ನ ಬಳ್ಳಿಯಲ್ಲಾದರೋ ಬೆಳಗಾದರೆ ಜೇನು, ದುಂಬಿಗಳ ಗುಂಯ್‌ಗುಟ್ಟುವಿಕೆ. ಸುತ್ತಮುತ್ತ ಬದುಕಿ ಉಳಿದವೆಲ್ಲ ನನ್ನಲ್ಲಿಗೇ ನೆರೆದಿದ್ದವೋ ಏನೋ. ಕುಂಬಳಗಳು ಎಲೆಯ ಮರೆಯಲ್ಲಿ ಒಂದರ ಪಕ್ಕ ಒಂದು ಕುಳಿತಿದ್ದವು. ಸೀತಕ್ಕನಿಗೆ ಬೂದಿಯ ಗುಟ್ಟು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನಮ್ಮವರ ಭಯಕ್ಕೆ ನುಂಗಿಕೊಂಡೆ. ಅವರ ಭಯವೂ ಸುಳ್ಳಲ್ಲ: ಕೆಲಸ ಹೋದರೆ ಕ್ವಾರ್ಟರ್ಸು ಹೋಯಿತು, ಕ್ವಾರ್ಟರ್ಸು ಹೋದರೆ ಕರಿಬೇವಿನ ಮರವೂ ಹೋಯಿತು.

ಮಳೆ ನಿಂತು, ಪಿಕಿಂಗ್ ಶುರುವಾಗುವ ಮುನ್ನ, ಬಹುಮಾನದ ದಿನ ಬಂತು. ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ನಮ್ಮ ನಡುವಿನ ತರಕಾರಿಯ ದಾರಿದ್ರ್ಯ ಆ ವರ್ಷ ಆ ಬಟ್ಟೆಯ ಮೇಲೆ ಚೆನ್ನಾಗಿಯೇ ಎದ್ದು ಕಂಡಿತು. ತೂತಿಲ್ಲದ ಸೊಪ್ಪಿನ ಕಟ್ಟುಗಳೇನೋ ಬಂದಿದ್ದವು, ಕುಂಬಳ ಮಾತ್ರ ನನ್ನದೊಂದೇ. ನಾನೇ ಸೊಂಟದ ಮೇಲೆ ಹೊತ್ತು ತಂದಿದ್ದೆ, ಬಳ್ಳಿಯ ತುಂಡು, ಎರಡು ಬೂದಿ ಮೆತ್ತಿದ ಎಲೆ ಸಮೇತ. ದೊರೆಸಾನಿಯವರು ಒಂದು ಕೈಯಲ್ಲಿ ಕರ್ಚೀಫನ್ನು ಮೂಗಿಗೊತ್ತಿಕೊಂಡೇ, ಇನ್ನೊಂದರಿಂದ ಅದರ ಬೆನ್ನು ತಟ್ಟಿ, ಎಲ್ಲರ ಎದುರಿಗೂ ಹೇಳಿದರು: "ವಂಡರ್‌ಫುಲ್! ನೋಡಿ, ರೈಟರ್ ಮನೆಯವರು ಪೌಡರ್ ಎಷ್ಟು ನೀಟಾಗಿ ಹಾಕ್ಸಿದ್ದಾರೆ, ಅದಕ್ಕೇ ಇಂಥ ಕುಂಬಳ. ನಿಮಗೆಲ್ಲ ಸಾಲದೇ ಹೋಗಿದೆ. ಮುಂದಿನ ವಾರದಿಂದ ಎಲ್ಲ ತೋಟಕ್ಕೂ ಡಬಲ್!"

ಡಬಲ್! ಚಪ್ಪಾಳೆ ಬಿತ್ತು. ಬಹುಮಾನದ ಥರ್ಮಾಸ್ ಫ್ಲಾಸ್ಕನ್ನು ಅವರು ನನ್ನತ್ತ ಚಾಚಿದರು. ಸೀತಕ್ಕ ತನ್ನ ಸಣಕಲು ಬದನೆಕಾಯಿಗಳ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು, ತಪ್ಪೆಲ್ಲ ತನ್ನದೇ ಎಂಬಂತೆ. ನನ್ನ ದುಂಬಿಗಳು ಬೆಳೆಸಿದ ಕುಂಬಳವನ್ನೇ ಸಾಕ್ಷಿಗೆ ನಿಲ್ಲಿಸಿ ಊರಿನ ದುಂಬಿಗಳಿಗೆಲ್ಲ ಮರಣದಂಡನೆ ವಿಧಿಸುತ್ತಿದ್ದಾರಲ್ಲ! ಕಂಬದ ಬಳಿ ನಿಂತಿದ್ದ ನಮ್ಮವರು ಬೇಡ, ಬೇಡ ಎಂದು ಕಣ್ಣಲ್ಲೇ ಅಂಗಲಾಚಿದರು. ಬೇಡವೆಂದು ನನಗೂ ಅನ್ನಿಸಿತು. ಬಾಯಿ ಕೇಳಲಿಲ್ಲ.

"ಅಮ್ಮಾವ್ರೇ, ನನ್ನ ತೋಟಕ್ಕೆ ಒಂದು ಚಿಟಿಕೆ ಪೌಡರೂ ಬಿದ್ದಿಲ್ಲ. ಈ ಎಲೆ ಮೇಲಿರೋದು ನಮ್ಮನೆ ಒಲೆ ಬೂದಿ. ಪೌಡರಿನವರನ್ನ ಗೇಟಲ್ಲೇ ತಡೆದವಳು ನಾನು, ಕೇಳೋದಿದ್ರೆ ನನ್ನನ್ನ ಕೇಳಿ. ಈ ಕುಂಬಳ ಕಚ್ಚಿದ್ದು ದುಂಬಿಯಿಂದ. ಬಾಕಿಯವರಿಗೆ ಕಚ್ಚದೆ ಹೋದದ್ದು ಪೌಡರಿಂದ. ಡಬಲ್ ಹಾಕ್ಸಿದ್ರೆ ಮುಂದಿನ ವರ್ಷ ಈ ಮೇಜಿನ ಮೇಲೆ ಬಟ್ಟೆ ಮಾತ್ರ ಇರುತ್ತೆ."

ದೊರೆಸಾನಿಯವರು ಅಷ್ಟು ತಿಂಗಳಲ್ಲಿ ಮೊದಲ ಸಲ ಕರ್ಚೀಫನ್ನು ಮೂಗಿನಿಂದ ತೆಗೆದು, ಎಲೆಯನ್ನು ಮೂಸಿದರು. "ಬೂದಿ!" ಎಂದರು. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ನಾನು ಕುಂಬಳವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದೆ. ಹೆದರಿಕೆಯಾಗಿತ್ತು, ನಿಜ. ಭಾರ ಕುಂಬಳದ್ದೆಂದು ನೋಡುವವರು ತಿಳಿಯಲಿ ಎಂದು ಸ್ವಲ್ಪ ಬಾಗಿ ನಡೆದೆ. ಮನೆಗೆ ಬಂದು ಅದನ್ನು ಹೆಚ್ಚಿ, ಪ್ರತಿ ಕ್ವಾರ್ಟರ್ಸಿಗೂ ಒಂದೊಂದು ಹೋಳು, ಬೀಜದ ಸಮೇತ, ಕಳುಹಿಸಿದೆ.

ಮರುದಿನ ಮ್ಯಾನೇಜರರು ನಮ್ಮವರನ್ನು ಆಫೀಸಿಗೆ ಕರೆಸಿದರು. ಗಂಟು ಕಟ್ಟುವುದೋ ಬೇಡವೋ ಎಂದು ನಾನು ಕರಿಬೇವಿನ ಬುಡದಲ್ಲಿ ಕುಳಿತಿದ್ದೆ. ಗಂಟು ಕಟ್ಟಬಹುದು, ಮರವನ್ನು ಕಟ್ಟುವುದು ಹೇಗೆ? ಮಧ್ಯಾಹ್ನ ಬಂದವರು ಶರಟು ಕಳಚಿ ಗೂಟಕ್ಕೆ ಹಾಕುತ್ತ, "ನಿನ್ನ ಹೆಂಡತಿಗೆ ಬುದ್ಧಿ ಹೇಳು ಅಂದ್ರು. ತೋಟ ಅವಳದು ಸಾರ್, ಅಲ್ಲಿ ನಾನೂ ಹುಳುವೇ, ಅಂದೆ," ಎಂದರು. ಮದುವೆಯಾದಂದಿನಿಂದ ಮೇಲಿನವರಿಗೆ "ಯೆಸ್ ಸರ್" ಬಿಟ್ಟು ಬೇರೊಂದು ವಾಕ್ಯ ಆಡದ ಮನುಷ್ಯ! ಮ್ಯಾನೇಜರರು ನಕ್ಕುಬಿಟ್ಟರಂತೆ. ಕೆಲಸ ಉಳಿಯಿತು. ಡಬಲ್ ಎಂಬ ಮಾತು ಮತ್ತೆ ಬರಲಿಲ್ಲ, ಆದರೆ ವಾರದ ಪೌಡರಿನ ಅಪ್ಪಣೆಯೂ ರದ್ದಾಗಲಿಲ್ಲ. ದೊಡ್ಡವರ ಅಪ್ಪಣೆಗಳು ಹಾಗೆಲ್ಲ ಸುಲಭವಾಗಿ ಸಾಯುವುದಿಲ್ಲ, ಸಾಯುವವು ಚಿಟ್ಟೆಗಳೇ.

ಆ ವಾರ ರಾಜು ಪಂಪು ಹೊತ್ತು ಬರುವ ಹೊತ್ತಿಗೆ ಸೀತಕ್ಕ ಬೇಲಿಯ ಆಚೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. "ಅಕ್ಕ, ಒಂದು ಬುಟ್ಟಿ ಬೂದಿ ಉಟ್ಟಾ? ನನ್ನ ಒಲೆದು ಸಾಲ್ದು." ಅವಳ ಗೇಟಿಗೂ ಅಗುಳಿ ಬಿದ್ದಿತ್ತು. ಅವಳಾಚೆಯ ಮನೆಯದಕ್ಕೂ ಬಿದ್ದಿತ್ತು. ಈಗ ನಮ್ಮ ಸಾಲಿನ ತೋಟಗಳೆಲ್ಲ ಬೆಳ್ಳಗೆ ಬೂದಿ ಬಳಿದುಕೊಂಡು ನಿಂತಿವೆ. ದೊರೆಸಾನಿಯವರು ಅದೇ ಕರ್ಚೀಫು ಹಿಡಿದು ಹಾದುಹೋಗುತ್ತಾರೆ, ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಚಿಟ್ಟೆಗಳು ಹಿಂದಿನಂತೆ ಹಿಂಡುಹಿಂಡಾಗಿ ಬಂದವೆಂದು ಹೇಳಿದರೆ ಸುಳ್ಳಾದೀತು. ಬಸ್ಸು ಈಗ ಯಾವುದಕ್ಕೂ ನಿಧಾನಿಸುವುದಿಲ್ಲ. ಒಂದೋ ಎರಡೋ ಬರುತ್ತವೆ. ಬಂದವಕ್ಕೆ ಇಲ್ಲಿ ಊಟವಿದೆ, ಅದನ್ನು ತಪ್ಪಿಸುವವರು ನನ್ನನ್ನು ದಾಟಿಕೊಂಡೇ ಹೋಗಬೇಕು.

ಇಂದು ಮಧ್ಯಾಹ್ನ ಸಾರಿನಲ್ಲಿ ಮತ್ತೆ ಕರಿಬೇವು ಸಿಕ್ಕಿತು. ನಮ್ಮವರು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅಂಚೆಲ್ಲ ಮೆದ್ದುಹೋಗಿ, ನಡುವೆ ದೊಡ್ಡದೊಂದು ತೂತು. ಅದರಿಂದ ನನ್ನನ್ನು ನೋಡಿ, "ಪರವಾಗಿಲ್ಲ, ನಮಗೂ ಒಂಚೂರು ಬಿಟ್ಟಿದ್ದಾನೆ," ಎಂದವರು, ತಟ್ಟೆಯ ಅಂಚಿಗೆ ತಳ್ಳದೆ, ಅದನ್ನು ಬಾಯಿಗೆ ಹಾಕಿಕೊಂಡು ಅಗಿದರು.