ಸುಣ್ಣದ ಡಬ್ಬಿಯ ಎರಡು ಸದ್ದುಗಳ ನಡುವೆ

ಬೆಳಕು ಹರಿಯುವ ಮುಂಚೆ ಗೌತಮಿ ಹಂಡೆಯ ಒಲೆಗೆ ಹಿಪ್ಪುನೇರಳೆ ಕಡ್ಡಿ ತುರುಕಬೇಕು. ಅಂಗಳ ಗುಡಿಸಬೇಕು. ಹಸು ಕರೆದು ಹಾಲು ಡೈರಿಗೆ ಹಾಕಿ ಬರಬೇಕು. ಹುಳದ ಮನೆಗೆ ಹೋಗಿ ರೇಷ್ಮೆಹುಳಕ್ಕೆ ಸೊಪ್ಪು ಹಾಕಬೇಕು, ಹುಳ ಜ್ವರಕ್ಕೆ ಕೂತಿದ್ದರೆ ಸುಣ್ಣದ ಪುಡಿ ಉದುರಿಸಬೇಕು. ಆಮೇಲೆ ಕೈ ತಿಕ್ಕಿ ತೊಳೆದು ಮುದ್ದೆಗೆ ಎಸರಿಡಬೇಕು, ಗಂಡನ ಊಟದ ಡಬ್ಬಿ ಕಟ್ಟಬೇಕು, ತನ್ನದು ಉಳಿದರೆ ಕಟ್ಟಿಕೊಳ್ಳಬೇಕು. ಇಷ್ಟಾದ ಮೇಲೆ ನರೇಂದ್ರ ಎದ್ದು ಮೈಮುರಿದು, ದಿನ ಶುರುವಾಯಿತು ಅನ್ನುತ್ತಾನೆ.

ಇದರಲ್ಲಿ ಹೆಚ್ಚಿನ ಪಾಲು ಹೋದ ವರ್ಷದವರೆಗೆ ಅತ್ತೆ ಗಂಗುಲಮ್ಮನದಾಗಿತ್ತು. ಗೌರಿಬಿದನೂರಿನಿಂದ ಸೊಸೆಯಾಗಿ ಮೇಲೂರಿಗೆ ಬಂದ ಗೌತಮಿ ಚಿಂತಾಮಣಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಪಿಎಚ್‌ಡಿಗೆ ಸೇರಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಅತ್ತೆ ಹೇಳಿದ್ದು ಒಂದೇ ಮಾತು: "ನೀನು ಓದಮ್ಮ, ಹುಳ ನಾನು ನೋಡ್ಕೊಂತೀನಿ." ಆ ಮಾತಿನ ಮೇಲೆಯೇ ಗೌತಮಿಯ ಸಂಶೋಧನೆ ನಿಂತಿತ್ತು.

ಅವಳ ವಿಷಯ ಫೇಸ್ ಸ್ಪೇಸ್. ಒಂದು ವಸ್ತು ಎಲ್ಲಿದೆ, ಯಾವ ವೇಗದಲ್ಲಿದೆ ಎಂಬ ಎರಡನ್ನೂ ಒಂದೇ ಚಿತ್ರದಲ್ಲಿ ಬರೆಯುವ ಗಣಿತ ಅದು. ಅಣುಗಳಿಗೆಂದು ಹುಟ್ಟಿದ್ದು ಈಗ ಬೆಳಕಿಗೆ, ಹೃದಯ ಬಡಿತಕ್ಕೆ, ಭೂಕಂಪಕ್ಕೆ, ತಿಮಿಂಗಿಲದ ಕೂಗಿಗೂ ಬರುತ್ತದೆ. ಸದ್ದಿನಲ್ಲಾದರೆ, ಯಾವ ಕ್ಷಣದಲ್ಲಿ ಯಾವ ಸ್ವರ ಇತ್ತು ಎಂಬುದರ ಚಿತ್ರ ಸಿಗುತ್ತದೆ. ಗೌತಮಿ ಅದನ್ನು ಹುಳದ ಮನೆಗೆ ತಂದಳು. ಆರೋಗ್ಯವಾಗಿರುವ ಹುಳ ಸೊಪ್ಪು ತಿನ್ನುವ ಸದ್ದು ಜಡಿಮಳೆಯಂತಿರುತ್ತದೆ. ರೋಗ ಹತ್ತಿದರೆ ಕಣ್ಣಿಗೆ ಕಾಣುವ ಮೊದಲೇ ಆ ಮಳೆ ಬದಲಾಗುತ್ತದೆಯೇ ಎಂದು ನೋಡುವುದು ಅವಳ ಉದ್ದೇಶ. ಹೋಲಿಸಲು ಮೌನವೂ ಬೇಕಿತ್ತು. ಪೊರೆ ಬಿಡುವ ಮುನ್ನ ಹುಳ ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಹೋದ ವರ್ಷ ಅಂಥದೊಂದು ರಾತ್ರಿ ಅವಳು ರೆಕಾರ್ಡರ್ ಇಟ್ಟು ಬಂದಿದ್ದಳು.

ಆ ಬೆಳಗಿನ ಜಾವವೇ ಸುಣ್ಣ ಹಾಕಲು ಹೋದ ಗಂಗುಲಮ್ಮ ಅಲ್ಲೇ ಬಿದ್ದು ತೀರಿಕೊಂಡಳು. ಗೌತಮಿ ಬಾಗಿಲು ಮುಚ್ಚಿಕೊಂಡು ಅಡುಗೆಮನೆಯಲ್ಲಿದ್ದಳು, ಮಿಕ್ಸಿ ಓಡುತ್ತಿತ್ತು. ನರೇಂದ್ರ ಮಲಗಿದ್ದ. ಬುದ್ಧನ ಪಟದ ಮುಂದೆ ಕೂತ ನೆಂಟರೆಲ್ಲ, ಪುಣ್ಯವಂತೆ, ಕೂಗುವಷ್ಟೂ ನರಳಲಿಲ್ಲ ಎಂದರು. ನರೇಂದ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮೊನ್ನೆ ಮೊನ್ನೆಯವರೆಗೆ ಗೌತಮಿ ಆ ಫೈಲ್ ಮುಟ್ಟಿರಲಿಲ್ಲ. ಪ್ರಬಂಧಕ್ಕೆ ಮೌನದ ಚಿತ್ರ ಬೇಕೇ ಬೇಕು ಎಂದಾಗ ತೆರೆದಳು. ಎರಡು ಹೊಳೆಯುವ ಪಟ್ಟೆಗಳಿದ್ದವು: ಸುಣ್ಣದ ಡಬ್ಬಿಯನ್ನು ಕಬ್ಬಿಣದ ಅಟ್ಟಣೆಯ ಮೇಲೆ ಇಟ್ಟ ಸದ್ದು, ಸ್ವಲ್ಪ ಹೊತ್ತಿನ ನಂತರ ಅದು ನೆಲಕ್ಕೆ ಬಿದ್ದ ಸದ್ದು. ಕಿವಿಗೆ ನಡುವೆ ಏನೂ ಕೇಳಿಸುತ್ತಿರಲಿಲ್ಲ. ಚಿತ್ರದಲ್ಲಿ ಮಾತ್ರ ನಡುವೆ ಗೀರುಗೀರಾದ ಒಂದು ಗುರುತಿತ್ತು.

ಕಾಫಿ ಕೇಳಲು ಬಂದ ನರೇಂದ್ರ ಹಿಂದೆ ನಿಂತು ನೋಡಿದ.

"ಮಧ್ಯದಲ್ಲಿ ಇದೇನು?"

"ಅದು ಇರೋದಲ್ಲ ರೀ. ಅಕ್ಕಪಕ್ಕ ಎರಡು ಸದ್ದಿದ್ರೆ, ಈ ಲೆಕ್ಕ ನಡುವೆ ಇನ್ನೊಂದನ್ನ ತಾನೇ ಹುಟ್ಟಿಸ್ತದೆ. ಲ್ಯಾಬಲ್ಲಿ ತಮಾಷೆಗೆ ದೆವ್ವ ಅಂತೀವಿ."

"ದೆವ್ವ ಹಿಡಿಯೋಕೆ ಡಾಕ್ಟರೇಟ್ ಯಾಕೆ ಬೇಕಿತ್ತು, ನಮ್ಮೂರ ಮಂತ್ರದ ಕೋನಪ್ಪ ಬೇವಿನ ಸೊಪ್ಪಲ್ಲೇ ಹಿಡಿತಾನೆ," ಎಂದ. ಆದರೆ ನಗಲಿಲ್ಲ. "ಅಮ್ಮ ಕೂಗಿಲ್ಲ ಅಲ್ವಾ? ಅದನ್ನ ಅಳಿಸಿ ತೋರಿಸು ನೋಡಣ."

ಅಂಥ ಗುರುತುಗಳನ್ನು ಸವರಿ ತೆಗೆಯುವ ವಿಧಾನವಿದೆ. ಅವಳು ಸವರಿದಳು. ಗುರುತು ಹೋಯಿತು. ಅವನು ಉಸಿರು ಬಿಟ್ಟು, ಸಕ್ಕರೆ ಕಮ್ಮಿ ಇರಲಿ ಎಂದು ಹೇಳಿ ಹೋದ.

ಅವನಿಗೆ ಹೇಳದೆ ಬಿಟ್ಟದ್ದೊಂದಿತ್ತು. ದೆವ್ವವನ್ನು ಒರೆಸುವ ಬಟ್ಟೆ, ಸಣ್ಣ ಸದ್ದಾಗಿದ್ದರೆ ನಿಜವನ್ನೂ ಒರೆಸಿಬಿಡುತ್ತದೆ. ಸರಿಯಾದ ಪರೀಕ್ಷೆ ಬೇರೆ, ಬಹಳ ಸುಲಭದ್ದು: ಎರಡೂ ಸದ್ದುಗಳನ್ನು ಕತ್ತರಿಸಿ ಹಾಕಿ ನಡುವಿನ ತುಣುಕನ್ನಷ್ಟೇ ನೋಡುವುದು. ಹೆತ್ತವೆರಡೂ ಇಲ್ಲದ ಮೇಲೆ ದೆವ್ವ ಹುಟ್ಟಲಾರದು. ಆಗಲೂ ಗುರುತು ಉಳಿದರೆ, ಅತ್ತೆ ಕರೆದಿದ್ದಾಳೆ.

ಅವಳಿಂದ ಆಗಲಿಲ್ಲ. ಕುಕ್ಕರಿನ ಒಂದು ವಿಶಲ್ಲಿಗೂ ಇನ್ನೊಂದಕ್ಕೂ ನಡುವೆ ಯಾರೋ ಕರೆದಂತಾಗಿ ಕೈ ನಿಲ್ಲುತ್ತಿತ್ತು. ಪಾಠ ಹೇಳುವಾಗ ಎರಡು ವಾಕ್ಯಗಳ ಮಧ್ಯೆ ತಡೆದು ನಿಲ್ಲುತ್ತಿದ್ದಳು, ಹುಡುಗಿಯರು ತಲೆ ಎತ್ತಿ ನೋಡುತ್ತಿದ್ದರು. ಮಿಕ್ಸಿ ಹಾಕುವುದನ್ನೇ ಬಿಟ್ಟು ಒರಳಿನಲ್ಲಿ ರುಬ್ಬತೊಡಗಿದಳು. ಚಟ್ನಿ ರುಚಿ ಹೆಚ್ಚಿತು ಎಂದು ನರೇಂದ್ರ ಹೊಗಳಿದ.

ಈ ಸಲದ ಹುಳದ ಬೆಳೆಯೂ ಜ್ವರಕ್ಕೆ ಕೂತ ದಿನ ಬೆಳಗಿನ ಜಾವ, ಸುಣ್ಣ ಉದುರಿಸಿದವಳು ಹೊರಗೆ ಬರದೆ ಲ್ಯಾಪ್‌ಟಾಪ್ ತೆರೆದು ಅಲ್ಲೇ ನೆಲದ ಮೇಲೆ ಕೂತಳು. ಸುತ್ತ ಅಷ್ಟೂ ಹುಳ ತಲೆಯೆತ್ತಿ ಸ್ತಬ್ಧವಾಗಿದ್ದವು. ಈ ಕಡೆಯ ಸದ್ದನ್ನು ಕತ್ತರಿಸಿದಳು, ಆ ಕಡೆಯದನ್ನು ಕತ್ತರಿಸಿದಳು.

ಗುರುತು ಉಳಿಯಿತು.

ಗೀರುಗಳು ಮಾತ್ರ ಹೋಗಿದ್ದವು. ಅವುಗಳಡಿ ಮಸುಕಾದ ಸಣ್ಣದೊಂದು ಬಾಗು ಇತ್ತು. ಅದು ಇದ್ದ ಸ್ವರವನ್ನಷ್ಟೇ ಬಿಟ್ಟು ಉಳಿದದ್ದನ್ನು ತಗ್ಗಿಸಿ, ಸದ್ದು ಏರಿಸಿ, ಇಯರ್‌ಫೋನ್ ಒತ್ತಿ ಹಿಡಿದಳು.

"ಗೌತಮೀ... ಒಸಿ ಬಾರಮ್ಮ."

ಕಿರುಚಿದ್ದಲ್ಲ, ನರಳಿದ್ದೂ ಅಲ್ಲ. ಪಿಸುದನಿ. ಆ ಮನೆಯ ಹೆಂಗಸರು ಬೆಳಗಿನ ಜಾವ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಜ್ವರಕ್ಕೆ ಕೂತ ಹುಳ ಬೆದರಬಾರದು, ಮಲಗಿದ ಗಂಡಸು ಎಚ್ಚರಗೊಳ್ಳಬಾರದು. ಪಾತ್ರೆ ಸದ್ದಾದರೂ ಗಂಗುಲಮ್ಮ ತುಟಿಗೆ ಬೆರಳಿಡುತ್ತಿದ್ದಳು, ರಾತ್ರಿ ತಡವಾಗಿ ಬಂದವ್ನೆ, ನಿದ್ದೆ ಮಾಡ್ಲಿ ಪಾಪ ಎಂದು. ಎದೆ ಒಡೆಯುವಾಗಲೂ ಆ ಅಭ್ಯಾಸ ಅವಳ ಗಂಟಲನ್ನು ಬಿಟ್ಟಿರಲಿಲ್ಲ.

ಗೌತಮಿ ಅದನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಸವರಿದ ಚಿತ್ರವೊಂದು ಇತ್ತಲ್ಲ, ಅದನ್ನೇ ಪ್ರಬಂಧಕ್ಕೆ ಹಾಕಿ ಈ ತುಣುಕನ್ನು ಅಳಿಸಿದರೆ ಮುಗಿಯಿತು. ನರೇಂದ್ರನ ತಾಯಿ ಪುಣ್ಯವಂತೆಯಾಗಿಯೇ ಉಳಿಯುತ್ತಾಳೆ, ಅವನ ನಿದ್ದೆ ಅವನಿಗಿರುತ್ತದೆ. ಅತ್ತೆ ಕರೆದದ್ದು ತನ್ನನ್ನೇ ಅಲ್ಲವೇ. ಹೊರುವುದಿದ್ದರೆ ತಾನೊಬ್ಬಳೇ ಹೊರಬಹುದು, ಹೇಗೂ ಉಳಿದದ್ದನ್ನೆಲ್ಲ ಹೊರುತ್ತಿರುವಂತೆ.

ಅವಳು ಎದ್ದು ಮಲಗುವ ಕೋಣೆಗೆ ಬಂದಳು. ನರೇಂದ್ರ ಗೋಡೆ ಕಡೆ ತಿರುಗಿ ಮಲಗಿದ್ದ. ಇಯರ್‌ಫೋನ್ ಕಿತ್ತು, ಲ್ಯಾಪ್‌ಟಾಪನ್ನು ಅವನ ದಿಂಬಿನ ಪಕ್ಕ ಇಟ್ಟು, ಲೈಟ್ ಹಾಕಿದಳು.