ಒಳಗೋಣಿಯ ಬರಹ

ಪಂಜದ ಮೇದಪ್ಪ ಗೌಡರ ಮನೆಯಲ್ಲಿ ಜನಕ್ಕೇನೂ ಬರಗಾಲವಿಲ್ಲ. ಮಗ ಜಯಪ್ರಕಾಶ ಮನೆಯ ಎದುರಿಗೇ ರಬ್ಬರ್ ಶೀಟು ಕೊಳ್ಳುವ ಅಂಗಡಿ ಇಟ್ಟಿದ್ದಾನೆ. ಸೊಸೆ ಭವಿತಾ ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. ಹೆಂಡತಿ ತಿಮ್ಮಕ್ಕ ಬೆಳಗ್ಗೆ ಬಾಯಿ ತೆರೆದರೆ ಮುಚ್ಚುವುದು ದೀಪ ಹಚ್ಚುವ ಹೊತ್ತಿಗೆ. ಶೀಟು ತಂದವರು ಒಬ್ಬರಲ್ಲ ಒಬ್ಬರು ಜಗಲಿಯಲ್ಲಿ ಕೂತೇ ಇರುತ್ತಾರೆ. ಆದರೂ ಗೌಡರು ಒಂಟಿ. ಸಂತೆಯಲ್ಲಿ ಕಟ್ಟಿಹಾಕಿದ ಪರವೂರಿನ ಎತ್ತಿನ ಹಾಗೆ, ಸುತ್ತ ಗದ್ದಲ ಎಷ್ಟಿದ್ದರೇನು, ಮೂಸಿ ನೋಡಿ ಗುರುತು ಹಿಡಿಯುವ ಇನ್ನೊಂದು ಎತ್ತಿಲ್ಲ.

ಹರೆಯವನ್ನೆಲ್ಲ ಅವರು ಕಳೆದದ್ದು ಆಕಾಶದಲ್ಲಿ. ಆ ಆಕಾಶದ ವಿಷಯ ಎತ್ತಿದರೆ ಪಂಜದಲ್ಲಿ ಕೇಳುವವರು ಯಾರು? ಕಣ್ಣೂರಿಗೆ ಹೋಗುವ ವಿಮಾನ ತಲೆಯ ಮೇಲೆ ಸದ್ದು ಮಾಡಿದರೆ ಜಗಲಿಯ ಜನ ರಬ್ಬರಿನ ಧಾರಣೆ ಮಾತಾಡುತ್ತಲೇ ಇರುತ್ತಾರೆ. ಗೌಡರು ಮಾತ್ರ ಅಂಗಳಕ್ಕಿಳಿದು, ಅದು ಕಣ್ಮರೆಯಾಗುವವರೆಗೆ ಕತ್ತು ಎತ್ತಿ ನಿಲ್ಲುತ್ತಾರೆ.

ಅವರು ದುಡಿದ ಸ್ಕ್ವಾಡ್ರನ್ ಎರಡು ಕಸುಬಿನದು. ಈಶಾನ್ಯದ ಗುಡ್ಡಗಳಲ್ಲಿ ದಾರಿಯೇ ಇಲ್ಲದ ಕಡೆ ಕಾವಲು ನಿಂತ ಸೈನಿಕರಿಗೆ ಮೇಲಿನಿಂದ ಅಕ್ಕಿ, ಬೇಳೆ, ಉಪ್ಪು ಹಾಕಿ ಬರುವುದು ಒಂದು. ಸಣ್ಣ ವಿಮಾನದಲ್ಲಿ ರೆಕ್ಕೆ ಬಲಿತ ಹುಡುಗರಿಗೆ ಭಾರದ ವಿಮಾನ ಹಾರಿಸಲು ಕಲಿಸುವುದು ಇನ್ನೊಂದು. ಬಹಳ ಸಲ ಎರಡೂ ಒಟ್ಟಿಗೇ ನಡೆಯುತ್ತಿತ್ತು. ಎಡಗಡೆ ಸೀಟಿನಲ್ಲಿ ಗುರು, ಬಲಗಡೆಯಲ್ಲಿ ಶಿಷ್ಯ, ಹಿಂದೆ ಕದ ಕಿತ್ತ ಬಾಗಿಲಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಂತ ಮೇದಪ್ಪ. ಗುರುವಿನ ಕಣ್ಣು ಶಿಷ್ಯನ ಮೇಲೆ, ಶಿಷ್ಯನ ಕಣ್ಣು ಎದುರಿನ ಗುಡ್ಡದ ಮೇಲೆ. ಹಿಂದಿನವನ ಮೇಲೆ ಯಾರ ಕಣ್ಣೂ ಇಲ್ಲ. ಗಂಟೆ ಬಾರಿಸಿದ ಕೂಡಲೇ ಮೂಟೆಯನ್ನು ಕಾಲಿನಿಂದ ಒದ್ದು ಹೊರಗೆ ತಳ್ಳಬೇಕು. ವಿಮಾನ ಸುತ್ತು ಹಾಕಿ ಬರುವಷ್ಟರಲ್ಲಿ ಇನ್ನೆರಡು ಮೂಟೆ ಬಾಗಿಲಿಗೆ ಎಳೆದು ತಯಾರಿರಬೇಕು.

ವಿಮಾನವೋ, ಮಹಾಯುದ್ಧ ಕಂಡು ಬಂದ ಡಕೋಟ. ಹಾರುವಾಗ ಅದರ ಮೈಯೆಲ್ಲ ಹಳೆಯ ಗಾಡಿಯ ಹಾಗೆ ಕಿರುಗುಟ್ಟುತ್ತಿತ್ತು. ಕಲಿಯುವ ಹುಡುಗರು ಆರು ತಿಂಗಳಿಗೊಂದು ತಂಡ ಬರುತ್ತಿದ್ದರು. ಒಬ್ಬೊಬ್ಬರ ಕೈಯ ಗುಣ ಮೇದಪ್ಪನಿಗೆ ಬಾಗಿಲಲ್ಲಿ ನಿಂತೇ ಅರ್ಥವಾಗುತ್ತಿತ್ತು. ಅಂಜುಬುರುಕ ಮೇಲೆ ಮೇಲೆ ಹೋಗುತ್ತಾನೆ, ಅವನ ಮೂಟೆ ಕಣಿವೆಯ ಪಾಲು. ಹುಂಬ ತೀರಾ ಕೆಳಗಿಳಿಯುತ್ತಾನೆ, ಅವನ ಮೂಟೆ ಬಂಡೆಗೆ ಬಡಿದು ಚಿಂದಿ. ಕೈ ಪಳಗಿತು ಅನ್ನುವಷ್ಟರಲ್ಲಿ ಅವರ ಸರದಿ ಮುಗಿಯಿತು, ಛತ್ರದ ಊಟಗಾರರ ಹಾಗೆ ಎದ್ದು ಹೋದರು. ಆಮೇಲೆ ಮತ್ತೊಂದು ಪಂಕ್ತಿ. ಹೆಸರು ಕೇಳುವ ಹೊತ್ತಿಗೆ ಹೊರಟು ನಿಲ್ಲುವವರ ನಡುವೆ ಎಷ್ಟು ಜನರ ಸ್ನೇಹ ಕಟ್ಟಿಕೊಳ್ಳುವುದು?

ಮೇದಪ್ಪ ಅಸಲಿಗೆ ಭೂಸೇನೆಯ ಸರಬರಾಜು ದಳದವನು. ಆ ಸ್ಕ್ವಾಡ್ರನ್ನಿಗೆ ಅಂಟಿಸಿ ಕಳಿಸಿದ್ದರು, ಅಷ್ಟೆ. ಸೇನೆಯವರು ಅವನನ್ನು ವಿಮಾನದವನು ಅನ್ನುತ್ತಿದ್ದರು, ವಿಮಾನದವರು ಮೂಟೆಯವನು ಅನ್ನುತ್ತಿದ್ದರು. ಮನೆಮಾತಾದ ಅರೆಭಾಷೆಯಲ್ಲಿ ಒಂದು ಮಾತಾಡೋಣವೆಂದರೆ ಸುಳ್ಯ, ಕೊಡಗಿನ ಆಚೆ ಆ ಭಾಷೆಯ ಹೆಸರು ಕೇಳಿದವರಿಲ್ಲ. ಬಾಯಿಗೆ ಬೀಗ ಬಿದ್ದವನಿಗೆ ಕೈ ತುರಿಸಿತೋ ಏನೋ. ಒಂದು ದಿನ ಅವನು ಗೋಣಿಯ ಮೇಲೆ ಬರೆದ.

ಮೇಲಿನಿಂದ ಬಿದ್ದ ಮೂಟೆ ಒಡೆಯುವುದು ಖಂಡಿತ. ಅದಕ್ಕಾಗಿ ಅಕ್ಕಿಯ ಗೋಣಿಯನ್ನು ಇನ್ನೊಂದು ದೊಡ್ಡ ಗೋಣಿಯೊಳಗೆ ಸಡಿಲವಾಗಿ ಇಟ್ಟು ಹೊಲಿಯುತ್ತಿದ್ದರು. ಒಳಗಿನದು ಒಡೆದರೆ ಹೊರಗಿನದು ಕಾಳನ್ನು ಹಿಡಿದಿಡುತ್ತದೆ. ಹೊರಗೋಣಿಯ ಮೇಲೆ ಠಾಣ್ಯದ ಅಂಕಿ ಬರೆಯಲು ಕಪ್ಪು ಬಣ್ಣ, ಕುಂಚ ಇದ್ದೇ ಇತ್ತು. ಮೇಲಿನವರ ಕಣ್ಣಿಗೆ ಬೀಳದ ಹಾಗೆ ಮೇದಪ್ಪ ಒಳಗೋಣಿಯ ಮೇಲೆ ಬರೆದದ್ದು ಎರಡೇ ಶಬ್ದ: ‘ಊಟ ಆತಾ?’

ಒಂದು ಸಲ ಬರೆದ ಮೇಲೆ ಬಿಡಲಾಗಲಿಲ್ಲ. ಅಲ್ಲಿದ್ದಷ್ಟು ವರ್ಷ, ಸಿಕ್ಕಿದ ಮೂಟೆಗೆಲ್ಲ ಬರೆದ. ಕೆಳಗೆ ಯಾರಾದರೂ ನಮ್ಮ ಕಡೆಯವನು ಇರಬಹುದು, ಗೋಣಿ ಬಿಚ್ಚಿದಾಗ ಕನ್ನಡದ ಅಕ್ಷರ ಕಂಡು ‘ಅಯ್ಯೋ, ಮೇಲೆ ನಮ್ಮವನೊಬ್ಬ ಉಂಟು’ ಅಂದುಕೊಳ್ಳಬಹುದು ಅಂತ ಆಸೆ. ವಿಮಾನ ತಗ್ಗಿನಲ್ಲಿ ಹಾದಾಗ ಇರುವೆಯಂಥ ಜನ ಎರಡೂ ಕೈ ಎತ್ತಿ ಬೀಸುವುದು ಕಾಣುತ್ತಿತ್ತು. ಅದನ್ನು ಕಂಡಾಗ ಅವನ ಎದೆ ಗದ್ದೆಗೆ ನೀರು ಬಿಟ್ಟ ಹಾಗೆ ತಂಪಾಗುತ್ತಿತ್ತು. ಮುಂದೆ ಹೊಸ ವಿಮಾನಗಳು ಬಂದವು. ಹಿಂಬದಿ ತಾನಾಗಿ ತೆರೆದುಕೊಂಡು ಮೂಟೆಗಳು ಜಾರಿ, ಕೊಡೆ ಬಿಚ್ಚಿಕೊಂಡು, ಮದುಮಗಳ ಹಾಗೆ ನಿಧಾನಕ್ಕೆ ಇಳಿಯತೊಡಗಿದವು. ಒದೆಯುವ ಕಾಲು ಯಾರಿಗೂ ಬೇಡವಾಯಿತು. ಮೇದಪ್ಪ ಊರಿಗೆ ಬಂದರು. ಆದರೆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಆ ಬರಹವನ್ನು ಒಬ್ಬನಾದರೂ ಓದಿದನೆ?

ಈ ವರ್ಷ, ಮಳೆ ಬಿಟ್ಟು ರಬ್ಬರ್ ಹಾಲು ಇಳಿಯಲು ಶುರುವಾದ ಹೊತ್ತಿಗೆ, ಒಂದು ಫೋನು ಬಂತು. ಮಾತಾಡಿದವಳು ಅದೇ ಸ್ಕ್ವಾಡ್ರನ್ನಿನ ಪೈಲಟ್ ಪ್ರೀತಿಕಾ, ಪುತ್ತೂರು ಕಡೆಯ ಹುಡುಗಿ. ಸ್ಕ್ವಾಡ್ರನ್ನಿನ ಚರಿತ್ರೆಯ ಪುಸ್ತಕ ಮಾಡುತ್ತಿದ್ದಾರಂತೆ. ಕನ್ನಡದ ಹಳಬರನ್ನು ಮಾತಾಡಿಸುವ ಕೆಲಸ ಅವಳಿಗೆ ಬಿದ್ದಿತ್ತು.

“ಅಜ್ಜ, ಪೈಲಟ್‌ಗಳ ಕಥೆ ಬೇಕಾದಷ್ಟು ಉಂಟು. ಹಿಂದೆ ನಿಂತವರದ್ದೇ ಇಲ್ಲ. ನೀವು ಎಂತಾದ್ರೂ ಹೇಳಿ.”

ಗೌಡರು ಗೋಣಿಯ ವಿಷಯ ಹೇಳಿದರು. ಅವಳು ನಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಫೋನು ಮಾಡಿದಳು. “ಅಜ್ಜ, ನೀವು ಮೂಟೆ ಹಾಕಿದ ಒಂದು ಠಾಣ್ಯದಲ್ಲಿ ಇದ್ದ ಒಬ್ರು ಸಿಕ್ಕಿದ್ದಾರೆ. ದುಗ್ಗಪ್ಪ ಅಂತ. ಎಲ್ಲಿಯವರು ಗೊತ್ತುಂಟಾ? ಆಲಂಕಾರು!”

ಗೌಡರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಡಬ ದಾಟಿದರೆ ಆಲಂಕಾರು. ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿರಬಹುದಾದ ಮನುಷ್ಯ!

ಮರುದಿನ ಬೆಳಗ್ಗೆ ಹೊರಟು ನಿಂತಾಗ ತಿಮ್ಮಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಗೋಣಿ ಓದಿದ್ದೀರಾ ಅಂತ ಕೇಳ್ಲಿಕ್ಕೆ ಬಸ್ಸು ಹತ್ತಿ ಹೋಗುದಾ? ಕೇಳಿದವರು ಎಂತ ಹೇಳಿಯಾರು! ಡಕೋಟ ತುಕ್ಕು ಹಿಡಿದ್ರೂ ಹಾರುವ ಚಪಲ ಹೋಗ್ಲಿಲ್ಲ.”

“ನಿಂಗೆ ಅದ್ರದ್ದು ಎಂತ ಗೊತ್ತುಂಟು?”

“ನಂಗೆ ಎಂತ ಗೊತ್ತಿರ್ತದೆ? ಆ ಹಳದಿ ಅಂಗಿ ಬಿಚ್ಚಿ. ಬಿಳಿದು ತೊಳೆದು ಇಟ್ಟಿದ್ದೇನೆ, ಅದನ್ನು ಹಾಕ್ಕೊಳ್ಳಿ.”

ದುಗ್ಗಪ್ಪನವರದು ಆಲಂಕಾರು ಪೇಟೆಯ ಅಂಚಿನಲ್ಲಿ ಹಿಟ್ಟಿನ ಗಿರಣಿ ಇರುವ ಮನೆ. ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾಗಿ ಸ್ವರ ಮಾತ್ರ ಗಟ್ಟಿಯಾಗಿದೆ. ಗೌಡರು ಪರಿಚಯ ಹೇಳಿಕೊಂಡರು. ತುಳುವಿನಲ್ಲೇ ಮಾತು ನಡೆಯಿತು.

“ನೀವಾ ಮಾರಾಯ್ರೆ ಆ ಮೂಟೆ ಬಿಸಾಡಿದ್ದು?” ದುಗ್ಗಪ್ಪ ಎದ್ದೇ ನಿಂತರು. “ಅಕ್ಕು, ಬಾ ಇಲ್ಲಿ! ನಾನು ಹೇಳ್ತಿದ್ದೆನಲ್ಲ, ಆ ಪುಣ್ಯಾತ್ಮ ಇವರೇ! ಗೌಡ್ರೆ, ಒಂದು ಮೂಟೆ ಬೇಳೆ ನಮ್ಮ ಅಡುಗೆ ಗುಡಿಸಲಿನ ಮಾಡು ಹರಿದು ಒಲೆಯ ಮೇಲೆಯೇ ಕೂತ್ಕೊಂಡಿತ್ತು. ನೀರು ಕುದಿಯುವ ಮೊದಲೇ ಬೇಳೆ ಹಾಜರ್!”

“ಅದು ಕಲಿಯುವ ಹುಡುಗರು ಹಾರಿಸುವಾಗ ಸ್ವಲ್ಪ ಹೆಚ್ಚು ಕಡಿಮೆ...”

“ಕಲಿಯುದು ನಮ್ಮ ತಲೆಯ ಮೇಲೆಯಾ? ಕ್ಷೌರ ಕಲಿಯುವವನಿಗೆ ಪರದೇಶಿಯ ತಲೆ ಸಿಕ್ಕಿದ ಹಾಗೆ!”

ದುಗ್ಗಪ್ಪನವರ ಹೆಂಡತಿ ಅಕ್ಕು ಬೆಲ್ಲ, ನೀರು ತಂದಿಟ್ಟಳು. “ಇವರ ಮಾತು ಕಟ್ಕೊಳ್ಬೇಡಿ ಗೌಡ್ರೆ. ಆ ಬೇಳೆಯ ಕಥೆ ಕೇಳಿ ಕೇಳಿ ನನಗೆ ಬೇಳೆ ಕಂಡ್ರೆ ಹೊಟ್ಟೆ ತೊಳಸ್ತದೆ.”

ಮೂವರೂ ನಕ್ಕರು. ಇಂಥ ನಗು ನಗದೆ ಗೌಡರಿಗೆ ಎಷ್ಟೋ ಕಾಲವಾಗಿತ್ತು. ಡಕೋಟ ಅಂದರೆ ಎಂತ, ಒದೆಯುವುದು ಅಂದರೆ ಎಂತ ಅಂತ ಬಿಡಿಸಿ ಹೇಳುವ ಅಗತ್ಯವೇ ಇಲ್ಲದ ಮನುಷ್ಯ ಎದುರಿಗೆ ಕೂತಿದ್ದ. ಅದೇ ಧೈರ್ಯದಲ್ಲಿ ಅವರು ಅಂದರು, “ನೀವೆಲ್ಲ ಕೈ ಬೀಸ್ತಿದ್ರಲ್ಲ ದುಗ್ಗಪ್ಪಣ್ಣ, ಮೇಲಿನಿಂದ ಚೆಂದ ಕಾಣ್ತಿತ್ತು.”

“ಕೈ ಬೀಸಿದ್ದಾ? ಅದು ಬನ್ನಿ ಅಂತ ಅಲ್ಲ ಮಾರಾಯ್ರೆ, ಆಚೆ ಹೋಗಿ ಅಂತ! ಗುರುತಿಗೆ ಬಟ್ಟೆ ಹಾಸಿದಲ್ಲಿ ಹಾಕಿ, ನಮ್ಮ ತಲೆಗೆ ಹಾಕ್ಬೇಡಿ ಅಂತ! ಬೊಬ್ಬೆ ಹೊಡೆದು ಹೊಡೆದು ಗಂಟಲು ಕಟ್ಟಿ ಹೋಗ್ತಿತ್ತು. ನೀವು ಮೇಲೆ ನಿಂತು ವಾಪಸ್ಸು ಕೈ ಬೀಸ್ತಿದ್ರಿ. ನಮಗೆ ಬರುವ ಕೋಪ!”

ಗೌಡರು ಈಗಲೂ ನಕ್ಕರು. ನಗುವಾಗ ಬಾಯಿಯಲ್ಲಿದ್ದ ಬೆಲ್ಲ ಮಣ್ಣಿನ ಹಾಗೆ ಹತ್ತಿತು. ಆ ಕೈಗಳನ್ನು ನೆನೆದುಕೊಂಡೇ ಅವರು ಎಷ್ಟೋ ಚಳಿಗಾಲ ಕಳೆದಿದ್ದರು. ಇನ್ನು ಉಳಿದದ್ದು ಒಂದೇ. ಕೇಳದೆ ಎದ್ದು ಬರೋಣ ಅಂತಲೂ ಮನಸ್ಸಾಯಿತು. ಕೇಳದಿದ್ದರೆ ಆಸೆಯಾದರೂ ಉಳಿಯುತ್ತಿತ್ತು. ಆದರೆ ಬಂದದ್ದೇ ಅದಕ್ಕೆ.

“ಒಳಗೋಣಿಯ ಮೇಲೆ ಕನ್ನಡದಲ್ಲಿ ಬರೆದದ್ದು ಕಂಡಿದ್ರಾ?”

ದುಗ್ಗಪ್ಪ ಹುಬ್ಬು ಗಂಟು ಹಾಕಿದರು. “ಒಳಗೋಣಿಯಾ? ಅದು ಸರಿಯಾಗಿ ಬಂದದ್ದು ಯಾವಾಗ? ಹರಿದು ಅಕ್ಕಿಯ ಒಳಗೆ ಮುದ್ದೆಯಾಗಿ ಇರ್ತಿತ್ತು. ಎಳೆದು ಕೊಡವಿ, ನಾಲ್ಕು ನಾಲ್ಕು ಸೇರಿಸಿ ಹೊಲಿದು ಹಾಸು ಮಾಡ್ತಿದ್ದೆವು. ಅದರ ಮೇಲೆಯೇ ನಮ್ಮ ನಿದ್ರೆ.”

“ನಿಮಗೆ ಕನ್ನಡ ಓದ್ಲಿಕ್ಕೆ ಬರ್ತಿತ್ತಲ್ಲ?”

“ಬಾರದೆ ಎಂತ? ಇಲ್ಲಿಯ ಶಾಲೆಯಲ್ಲೇ ಕಲಿತದ್ದು. ಆದ್ರೆ ಗೋಣಿಯನ್ನು ಯಾರು ಓದ್ತಾರೆ ಗೌಡ್ರೆ?”

ದುಗ್ಗಪ್ಪ ಗಟ್ಟಿ ಸ್ವರದ ಮನುಷ್ಯ, ಆದರೆ ಎದೆ ಗಟ್ಟಿಯಲ್ಲ. ಗೌಡರ ಮುಖ ನೋಡಿ ಹತ್ತಿರ ಸರಿದು, ಅವರ ಮಟ್ಟಿಗೆ ಮೆಲ್ಲಗೆ ಅಂದರು, “ಬೇಕಾದ್ರೆ ಓದಿದ್ದೆ ಅಂತ ಹೇಳ್ತೇನೆ, ಆ ಹುಡುಗಿಯ ಪುಸ್ತಕಕ್ಕೆ. ನನ್ನ ಒಟ್ಟಿಗಿದ್ದವರು ಯಾರೂ ಉಳಿದಿಲ್ಲ. ಸುಳ್ಳು ಅಂತ ಹೇಳ್ಲಿಕ್ಕೆ ಯಾರಿದ್ದಾರೆ?”

“ಬೇಡ ದುಗ್ಗಪ್ಪಣ್ಣ. ಮಲಗಿದ್ರಲ್ಲ, ಸಾಕು.”

ಅಕ್ಕು ಊಟಕ್ಕೆ ಕೂರಿಸಲು ಎಷ್ಟು ಒತ್ತಾಯ ಮಾಡಿದರೂ ಗೌಡರು ಬಸ್ಸಿನ ನೆಪ ಹೇಳಿ ಎದ್ದರು. ಬಸ್ಸಿಗೆ ಕಾಯುತ್ತಾ ಪ್ರೀತಿಕಾಗೆ ಫೋನು ಮಾಡಿ, ಯಾರೂ ಓದಿಲ್ಲವಂತೆ ಅಂದರು.

“ಹಾಗಾದ್ರೆ ಅದನ್ನು ಬಿಡುವಾ ಅಜ್ಜ?”

“ಬಿಡು ಮಗಾ. ಅಕ್ಕಿ ಮುಟ್ಟಿತ್ತು ಅಂತ ಬರಿ.”

ಪಂಜದಲ್ಲಿ ಇಳಿಯುವಾಗ ಮಧ್ಯಾಹ್ನದ ಬಿಸಿಲು ವಾಲಿತ್ತು. ಅಂಗಡಿಯ ಕದ ಅರ್ಧ ಎಳೆದಿತ್ತು, ಮಗ ಎಲ್ಲಿಗೋ ಹೋಗಿದ್ದ. ಅಂಗಳದ ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದ ರಬ್ಬರ್ ಶೀಟುಗಳನ್ನು ತಿಮ್ಮಕ್ಕ ಮಗುಚಿ ಹಾಕುತ್ತಿದ್ದಳು. ಗಂಡ ಬಂದದ್ದು ಕಂಡರೂ ಕೈ ನಿಲ್ಲಿಸಲಿಲ್ಲ.

“ಎಂತ ಹೇಳಿದ್ರು? ಓದಿದ್ರಂತಾ?”

“ಇಲ್ಲ.”

ಇನ್ನೊಂದು ಚುಚ್ಚುಮಾತು ಬರುತ್ತದೆ ಅಂತ ಗೌಡರು ಕಾದರು. ಬರಲಿಲ್ಲ. ತಿಮ್ಮಕ್ಕನ ಕೈ ಶೀಟಿನ ಮೇಲೆಯೇ ನಿಂತಿತು. ಇವಳೂ ಬೆಳಗ್ಗಿನಿಂದ ಹೌದೆನ್ನುವ ಉತ್ತರಕ್ಕೇ ಕಾದಿದ್ದಳು ಅಂತ ಗೌಡರಿಗೆ ಆಗ ಹೊಳೆಯಿತು.

“ಎಂತ ಬರೆದದ್ದು ನೀವು ಅದ್ರಲ್ಲಿ?” ಅವಳು ಕೇಳಿದಳು. “ಬರೆದೆ ಬರೆದೆ ಅಂತ ಹೇಳಿದ್ದೇ ಆಯ್ತು. ಎಂತ ಅಂತ ಒಂದು ದಿನ ಹೇಳ್ಲಿಲ್ಲ.”

ಗೌಡರು ಹೇಳಿದರು.

ತಿಮ್ಮಕ್ಕ ಶೀಟುಗಳ ಆಚೆ ಬದಿಗೆ ಹೋದಳು. ಅಲ್ಲಿಂದ ಅವಳ ಕಾಲು ಮಾತ್ರ ಕಾಣುತ್ತಿತ್ತು. “ನಾನು ಕೊಲ್ಲಮೊಗ್ರಿನಲ್ಲಿ ನಿಮ್ಮಪ್ಪನ ಮನೆಯಲ್ಲಿ ಎಷ್ಟು ವರ್ಷ ಕೂತಿದ್ದೆ? ನಾಲ್ಕನೇ ಕ್ಲಾಸು ಓದಿದವಳು ನಾನು. ಕನ್ನಡ ಬರ್ತಿತ್ತು.”

“ಕಾಗದ ಹಾಕ್ತಿದ್ದೆನಲ್ಲ.”

“ನಿಮ್ಮಪ್ಪನ ಹೆಸರಿಗೆ. ದನ ಕರು ಹಾಕಿತಾ, ಹೊಳೆ ಬಂತಾ, ಆನೆ ಬಂತಾ. ಅವರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುದು. ನಾನು ಒಳಗಿನ ಬಾಗಿಲ ಸಂದಿಯಲ್ಲಿ ನಿಂತು, ನನ್ನ ಸುದ್ದಿ ಈಗ ಬರ್ತದೆ, ಈಗ ಬರ್ತದೆ ಅಂತ ಕೊನೇವರೆಗೆ ಕೇಳುದು.”

ಆ ಕಾಲದಲ್ಲಿ ಅಪ್ಪ ಓದುವ ಕಾಗದದಲ್ಲಿ ಹೆಂಡತಿಯ ಹೆಸರು ಬರೆಯುವ ಗಂಡಸು ಎಲ್ಲಿದ್ದ? ಅವಳ ಊಟ ಆಯಿತೇ ಅಂತ ಅಪ್ಪನ ಬಾಯಿಯಿಂದ ಕೇಳಿಸುವುದು ಹೇಗೆ? ಹೇಳಬಹುದಿತ್ತು. ಆದರೆ ಅದೆಲ್ಲ ಅವಳಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಬಾಗಿಲ ಸಂದಿಯಲ್ಲಿ ನಿಂತವಳಿಗೆ ಹೊಸದಾಗಿ ಹೇಳುವುದು ಎಂತ?

ಶೀಟು ಮಗುಚಿ ಮುಗಿಯಿತು. ತಿಮ್ಮಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಗಂಡನ ಕಡೆ ನೋಡದೆ, ತೋಟದ ಕೆಳಗಿನ ಬಾವಿಯ ಪಂಪು ನಿಲ್ಲಿಸಲು ಇಳಿದು ಹೋದಳು. ಗೌಡರು ಕಾಲು ತೊಳೆದು ಅಡುಗೆಮನೆಗೆ ಬಂದರು. ಗೋಣಿಯ ಮೇಲೆ ಬರೆದ ಆ ಮಾತೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳು ಒಳಗೆ ಬಂದರೆ ಹೇಗಾದರೂ ಕೇಳಿಬಿಡೋಣ ಅಂತ ಹೊಸ್ತಿಲಲ್ಲೇ ನಿಂತರು.

ಮೇಜಿನ ಮೇಲೆ ಅವರ ಪಾಲಿನ ಅನ್ನ, ಸಾರು ಮುಚ್ಚಿಟ್ಟಿತ್ತು. ತಿಮ್ಮಕ್ಕನ ತಟ್ಟೆಯನ್ನು ತೊಳೆದು ಗೋಡೆಗೆ ಒರಗಿಸಿ ಇಟ್ಟಾಗಿತ್ತು. ಅದರ ಮೇಲಿನ ನೀರೂ ಆರಿ ಹೋಗಿತ್ತು.